26 ಸಂಬಳ ಚೀಟಿ, ನಾಲ್ಕು ಸಂಹಿತೆ

ನವೆಂಬರ್ 21, 2025. ಶುಕ್ರವಾರ. ಸಂಜೆ ಲಾರಿಗೆ ಮಾಲು ಹತ್ತಿಸುತ್ತಿದ್ದಾಗ ಪಕ್ಕದ ಘಟಕದ ಮಾಲೀಕರು ಫೋನ್ ಮಾಡಿದರು. "ಮೇಡಂ, ಕೇಳಿದ್ರಾ? ಲೇಬರ್ ಕೋಡ್ ಜಾರಿಯಾಯ್ತಂತೆ. 20 ಜನಕ್ಕಿಂತ ಕಡಿಮೆ ಇದ್ರೆ ಫ್ಯಾಕ್ಟರಿನೇ ಅಲ್ಲವಂತೆ. ಇನ್ಮೇಲೆ ನಮಗೆ ಯಾವ ಕಾಯ್ದೆಯೂ ಇಲ್ಲ, ಬಿಡಿ."

ಅವರಲ್ಲಿ 14 ಜನ. ನಮ್ಮಲ್ಲಿ 26. ಅವರಿಗೆ ಖುಷಿ, ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಘಟಕ. ಪೇಸ್ಟಿಂಗ್, ಪಂಚಿಂಗ್, ಸ್ಟಿಚಿಂಗ್, ಪ್ರಿಂಟಿಂಗ್. ಅಪ್ಪ ಶುರು ಮಾಡಿದ್ದು, ಆರು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಎಚ್‌ಆರ್ ಅಂತ ಬೇರೆ ಯಾರೂ ಇಲ್ಲ. ಎಚ್‌ಆರ್ ನಾನೇ, ಕ್ಯಾಷಿಯರ್ ನಾನೇ, ಬೀಗ ಹಾಕುವವಳೂ ನಾನೇ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಕೆಲಸಕ್ಕೆ ತಿಂಗಳಿಗೊಮ್ಮೆ ಒಬ್ಬ ಕನ್ಸಲ್ಟೆಂಟ್ ಬರುತ್ತಾರೆ. ಹೊಸ ಕಾರ್ಮಿಕ ಸಂಹಿತೆಗಳಿಗೆ, ಅಂದರೆ ಈ ಲೇಬರ್ ಕೋಡ್‌ಗಳಿಗೆ, ನಮ್ಮ ಪುಸ್ತಕಗಳನ್ನು ಹೊಂದಿಸಿಕೊಳ್ಳಲು ನನಗೆ ಹೆಚ್ಚುಕಡಿಮೆ ನಾಲ್ಕು ತಿಂಗಳು ಹಿಡಿಯಿತು. ಹೇಗೆ ಮಾಡಿದೆ, ಎಲ್ಲಿ ಎಡವಿದೆ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲೆಯಲ್ಲ. ಸಂಬಳ ಕೊಡುವವಳು ಅಷ್ಟೆ.

ಮೊದಲು ಪಕ್ಕದವರ ಖುಷಿಯ ಕಥೆ. ವಿದ್ಯುತ್ ಬಳಸುವ ಕಡೆ ಫ್ಯಾಕ್ಟರಿ ಎನ್ನಿಸಿಕೊಳ್ಳಲು ಮೊದಲು 10 ಜನ ಸಾಕಿತ್ತು, ಈಗ 20 ಬೇಕು. ಅದು ನಿಜ. ಆದರೆ ಬಂದದ್ದು ಒಂದು ಕಾಯ್ದೆಯಲ್ಲ. 29 ಹಳೆಯ ಕಾಯ್ದೆಗಳನ್ನು ಸೇರಿಸಿ ನಾಲ್ಕು ಸಂಹಿತೆ ಮಾಡಿದ್ದಾರೆ: ವೇತನದ್ದು, ಕೈಗಾರಿಕಾ ಸಂಬಂಧದ್ದು, ಸಾಮಾಜಿಕ ಭದ್ರತೆಯದ್ದು, ಸುರಕ್ಷತೆ ಮತ್ತು ಕೆಲಸದ ಪರಿಸ್ಥಿತಿಯದ್ದು. ಒಂದೊಂದಕ್ಕೂ ಒಂದೊಂದು ತಲೆಲೆಕ್ಕ. ವೇತನ ಸಂಹಿತೆಗಂತೂ ಲೆಕ್ಕವೇ ಇಲ್ಲ, ಒಬ್ಬನೇ ಕೆಲಸಗಾರ ಇದ್ದರೂ ಅನ್ವಯಿಸುತ್ತದೆ. ಹಳೆಯ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗಿನವರಿಗೆ ಮಾತ್ರ ಇತ್ತು, ಆ ಗೆರೆಯೂ ಈಗ ಅಳಿಸಿಹೋಗಿದೆ. ಇಎಸ್‌ಐ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಕೊಡುವ ಇಡಿಗಂಟು), ಸುರಕ್ಷತಾ ಸಂಹಿತೆ 10 ಜನಕ್ಕೆ. ಪಿಎಫ್ 20ಕ್ಕೆ. ಶಿಶುಪಾಲನಾ ಕೇಂದ್ರ 50ಕ್ಕೆ. ಸ್ಟ್ಯಾಂಡಿಂಗ್ ಆರ್ಡರ್, ಅಂದರೆ ಲಿಖಿತ ಸೇವಾ ನಿಯಮಗಳು, 300ಕ್ಕೆ.

ಇದನ್ನೆಲ್ಲ ನಾನು ಹಳೆಯ ಕ್ಯಾಲೆಂಡರ್‌ನ ಹಿಂಬದಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. 26ರ ಹತ್ತಿರ ಒಂದು ಗೆರೆ, 14ರ ಹತ್ತಿರ ಒಂದು ಗೆರೆ. ಪಕ್ಕದವರು ಬಂದು ನೋಡಿ, "ಹಾಗಾದ್ರೆ ನಮಗೂ ಇದೆ ಅನ್ನಿ" ಎಂದು ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದು ಹೋದರು.

ಇನ್ನು ಸಂಬಳ ಚೀಟಿ. ನನ್ನ ಸಮಯದಲ್ಲಿ ಮುಕ್ಕಾಲು ಪಾಲು ತಿಂದಿದ್ದು ಇದೇ.

ಹೊಸ ವ್ಯಾಖ್ಯೆ ಕೇಳಲು ಸುಲಭ. ಬೇಸಿಕ್ (ಮೂಲ ವೇತನ), ಡಿಎ (ತುಟ್ಟಿಭತ್ಯೆ), ರಿಟೈನಿಂಗ್ ಭತ್ಯೆ (ಕೆಲಸ ಇಲ್ಲದ ಸಮಯದಲ್ಲೂ ಆಳನ್ನು ಉಳಿಸಿಕೊಳ್ಳಲು ಕೊಡುವ ಹಣ) ಸೇರಿದರೆ ವೇತನ. ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ), ಪ್ರಯಾಣ ಭತ್ಯೆ, ಓಟಿ (ಹೆಚ್ಚುವರಿ ಗಂಟೆಗಳ ಕೂಲಿ), ಕಮಿಷನ್, ಮಾಲೀಕರ ಪಿಎಫ್ ಪಾಲು ಹೀಗೆ ಕೆಲವು ಹೊರಗೆ. ಆದರೆ ಹೊರಗಿಟ್ಟಿದ್ದು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟು ಮತ್ತೆ ವೇತನಕ್ಕೇ ಸೇರುತ್ತದೆ. ಬೇಸಿಕ್ ಕಡಿಮೆ ತೋರಿಸಿ ಉಳಿದದ್ದನ್ನೆಲ್ಲ ಭತ್ಯೆ ಎಂದು ಬರೆಯುವ ಹಳೆಯ ಚಾಳಿಗೆ ಇದು ಕಡಿವಾಣ. ಆ ಚಾಳಿ ನಮ್ಮಲ್ಲೂ ಇತ್ತು. ಸುಮ್ನೆ ಯಾಕೆ ಮುಚ್ಚಿಡಲಿ.

ನಮ್ಮ ಹಿರಿಯ ಪಂಚಿಂಗ್ ಆಪರೇಟರ್ ಚೀಟಿ ತೆಗೆದುಕೊಂಡು ಕೂತೆ. ಬೇಸಿಕ್ ಮತ್ತು ಡಿಎ 16,000. ಎಚ್‌ಆರ್‌ಎ 9,000. ಪ್ರಯಾಣ ಭತ್ಯೆ 5,000. ಸ್ಪೆಷಲ್ ಅಲೊವೆನ್ಸ್ 4,000. ಒಟ್ಟು 34,000. ಭತ್ಯೆಗಳೆಲ್ಲ ಸೇರಿ 18,000. ಅರ್ಧ ಅಂದರೆ 17,000. ಸಾವಿರ ಜಾಸ್ತಿ ಇದೆ, ಅದನ್ನು ವೇತನಕ್ಕೆ ಸೇರಿಸಿದರೆ 17,000. ಮುಗೀತು, ಇಷ್ಟೇ ತಾನೇ ಎಂದುಕೊಂಡೆ. ಇದೇ ಸೂತ್ರ ಹಾಕಿ 26 ಜನರ ಚೀಟಿಯನ್ನೂ ಒಂದೇ ರಾತ್ರಿಯಲ್ಲಿ ಮುಗಿಸಿದೆ. ಎಕ್ಸೆಲ್ ಶೀಟ್ ನೋಡಿ ನನಗೇ ಹೆಮ್ಮೆಯಾಯಿತು.

ಮರುದಿನ ಕನ್ಸಲ್ಟೆಂಟ್ ಒಂದೇ ಪ್ರಶ್ನೆ ಕೇಳಿದರು. "ಈ ಸ್ಪೆಷಲ್ ಅಲೊವೆನ್ಸ್ ಯಾವುದಕ್ಕೆ ಕೊಡ್ತೀರಿ?"

ಯಾವುದಕ್ಕೂ ಇಲ್ಲ. ಅಪ್ಪನ ಕಾಲದಲ್ಲಿ ಸಂಬಳ ಏರಿಸುವಾಗ ಬೇಸಿಕ್ ಮುಟ್ಟಬಾರದು ಎಂದು ಯಾರೋ ಹೇಳಿದ್ದರಂತೆ. ಏರಿಸಿದ್ದನ್ನೆಲ್ಲ ಆ ಕಾಲಂಗೆ ತುಂಬುತ್ತಾ ಬಂದಿದ್ದೆವು.

ಅವರು ಸಂಹಿತೆಯ ಪಟ್ಟಿ ತೆಗೆದು ತೋರಿಸಿದರು. ಹೊರಗಿಡಬಹುದಾದ ಬಾಬತ್ತುಗಳ ಪಟ್ಟಿ ಅದು. ಅದರಲ್ಲಿ ಸ್ಪೆಷಲ್ ಅಲೊವೆನ್ಸ್ ಎನ್ನುವ ಹೆಸರೇ ಇಲ್ಲ. ಕೆಲಸದ ಸ್ವಭಾವದಿಂದ ಬರುವ ವಿಶೇಷ ಖರ್ಚಿಗೆ ಕೊಟ್ಟ ಹಣ ಎಂದು ಒಂದಿದೆ, ಆದರೆ ನಮ್ಮದು ಅದಲ್ಲ. ಹಾಗಾಗಿ ಆ 4,000 ಮೊದಲೇ ವೇತನದ ಒಳಗೆ. 16,000 ಜೊತೆಗೆ 4,000, ಒಟ್ಟು 20,000. ಹೊರಗೆ ಉಳಿದದ್ದು 14,000, ಅದು 17,000 ದಾಟುವುದಿಲ್ಲ. ಅಂದರೆ ವೇತನ 17,000 ಅಲ್ಲ, 20,000.

ಅರ್ಧದ ಲೆಕ್ಕ ಹಾಕುವುದು ಎರಡನೇ ಹೆಜ್ಜೆ. ಯಾವುದು ಹೊರಗಿನದು, ಯಾವುದು ಒಳಗಿನದು ಎಂದು ಬೇರ್ಪಡಿಸುವುದು ಮೊದಲ ಹೆಜ್ಜೆ. ನಾನು ಮೊದಲನೆಯದನ್ನು ಹಾರಿ ಎರಡನೆಯದಕ್ಕೆ ಕಾಲಿಟ್ಟಿದ್ದೆ. 26 ಚೀಟಿಯನ್ನೂ ಮತ್ತೆ ಮಾಡಿದೆ. ಈ ಸಲ ನಾಲ್ಕು ರಾತ್ರಿ ಬೇಕಾಯಿತು.

ಇದರಿಂದ ಏನು ಬದಲಾಯಿತು? ಆ ಆಪರೇಟರ್‌ಗೆ ಪಿಎಫ್‌ನಲ್ಲಿ ಏನೂ ಇಲ್ಲ. ನಾವು ಮೊದಲಿನಿಂದಲೂ 15,000 ರೂಪಾಯಿಯ ಮಿತಿಯ ಮೇಲೆ 12% ಅಂದರೆ 1,800 ಹಿಡಿಯುತ್ತಿದ್ದೆವು, ಈಗಲೂ ಅಷ್ಟೇ. ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆ ಎಂದು ಮೊಬೈಲ್‌ನಲ್ಲಿ ಹರಿದಾಡುತ್ತಿದ್ದ ಸಂದೇಶಗಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯವೇ ಡಿಸೆಂಬರ್‌ನಲ್ಲಿ ಉತ್ತರ ಕೊಟ್ಟಿತು. ಮಿತಿಯ ಮೇಲೆ ಪಿಎಫ್ ಹಿಡಿಯುವವರಿಗೆ ಅದರಿಂದ ಕಡಿತ ಹೆಚ್ಚುವುದಿಲ್ಲ ಎಂದು.

ಗ್ರಾಚ್ಯುಟಿ ಮಾತ್ರ ದೊಡ್ಡ ಬದಲಾವಣೆ. ಒಂದು ವರ್ಷಕ್ಕೆ ಕೊನೆಯ ವೇತನದ 26ರಲ್ಲಿ 15 ಭಾಗ. 10 ವರ್ಷಕ್ಕೆ, 16,000ದ ಮೇಲೆ ಲೆಕ್ಕ ಹಾಕಿದರೆ 92,308. 20,000ದ ಮೇಲೆ 1,15,385. ಒಬ್ಬರಿಗೇ 23,077 ರೂಪಾಯಿ ವ್ಯತ್ಯಾಸ. ಹಳೆಯ ಕೆಲಸಗಾರರು ಹೆಚ್ಚಿರುವ ಕಡೆ ಈ ಲೆಕ್ಕವನ್ನು ಈಗಲೇ ಹಾಕಿಡಿ. ಅವರು ಹೊರಡುವ ದಿನ ಹಾಕಿದರೆ ಎದೆ ಧಸಕ್ಕೆನ್ನುತ್ತದೆ.

ಇಎಸ್‌ಐನದ್ದು ನಾನು ಎಣಿಸಿರದ ತಿರುವು. ಅದರ ಮಿತಿ ತಿಂಗಳಿಗೆ 21,000. ಹಳೆಯ ಲೆಕ್ಕದಲ್ಲಿ ಎಚ್‌ಆರ್‌ಎಯೂ ಸೇರುತ್ತಿದ್ದರಿಂದ, ಸಂಬಳ ಏರಿದಾಗ ಈ ಆಪರೇಟರ್ ಇಎಸ್‌ಐಯಿಂದ ಹೊರಗೆ ಹೋಗಿದ್ದರು. ಆಗ ತುಂಬ ಬೇಜಾರು ಮಾಡಿಕೊಂಡಿದ್ದರು, ಅವರ ಹೆಂಡತಿಯ ಚಿಕಿತ್ಸೆ ಅಲ್ಲೇ ನಡೆಯುತ್ತಿತ್ತು. ಹೊಸ ವ್ಯಾಖ್ಯೆಯಲ್ಲಿ ಅವರ ವೇತನ 20,000, ಅಂದರೆ ಮತ್ತೆ ಒಳಗೆ. ಅವರ ಪಾಲು 0.75%, 150 ರೂಪಾಯಿ. ನಮ್ಮ ಪಾಲು 3.25%, 650 ರೂಪಾಯಿ. ಹೀಗೆ ಮತ್ತೆ ಒಳಗೆ ಬಂದವರು ನಮ್ಮಲ್ಲಿ ನಾಲ್ಕು ಜನ.

ಚೀಟಿಯನ್ನು ಸುಮ್ಮನೆ ಕೈಗೆ ಕೊಟ್ಟು ಕಳಿಸಬಾರದು ಎಂದು ನಿರ್ಧರಿಸಿದೆ. ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು, ಹಳೆಯ ಚೀಟಿ ಹೊಸ ಚೀಟಿ ಎರಡನ್ನೂ ಪಕ್ಕಪಕ್ಕ ಇಟ್ಟು, ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೋರಿಸಿದೆ. ಆಪರೇಟರ್ ಎಲ್ಲ ಕೇಳಿ, "ಅಂದ್ರೆ ಕೈಗೆ 150 ಕಡಿಮೆ" ಎಂದರು.

"ಹೌದಣ್ಣ. ಆದರೆ ಇಎಸ್‌ಐ ಕಾರ್ಡ್ ಮತ್ತೆ ನಡೆಯುತ್ತೆ."

ಅವರು ಚೀಟಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ಬಾಗಿಲ ಹತ್ತಿರ ಹೋಗಿ ತಿರುಗಿ, "ಇಷ್ಟು ವರ್ಷ ಆ ಸ್ಪೆಷಲ್ ಅಂತ ಇತ್ತಲ್ಲ ಮೇಡಂ, ಅದು ಏನು ಅಂತ ಇವತ್ತು ಗೊತ್ತಾಯ್ತು" ಎಂದು ನಕ್ಕರು. ನನಗೂ ಗೊತ್ತಾಗಿ ಒಂದು ವಾರವಷ್ಟೇ ಆಗಿತ್ತು.

ಆಮೇಲೆ ನೇಮಕಾತಿ ಪತ್ರ. ಸುರಕ್ಷತಾ ಸಂಹಿತೆಯ ಪ್ರಕಾರ ಎಲ್ಲರಿಗೂ ಪತ್ರ ಕೊಡಬೇಕು. ಈಗಾಗಲೇ ಕೆಲಸದಲ್ಲಿರುವವರಿಗೆ ಪತ್ರ ಇಲ್ಲದಿದ್ದರೆ ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ, ಅಂದರೆ ಫೆಬ್ರವರಿ ಮೂರನೇ ವಾರದೊಳಗೆ. ನಮ್ಮ 26 ಜನರಲ್ಲಿ ಪತ್ರ ಇದ್ದದ್ದು ಇಬ್ಬರಿಗೆ. ಆ ಇಬ್ಬರೂ ಬ್ಯಾಂಕ್ ಸಾಲಕ್ಕೆ ಬೇಕೆಂದು ಕೇಳಿ ಬರೆಸಿಕೊಂಡಿದ್ದವರು.

ಇಂಟರ್ನೆಟ್‌ನಲ್ಲಿ ಸಿಕ್ಕ ನಮೂನೆಗಳೆಲ್ಲ ಎಂಟು ಪುಟ, ಹತ್ತು ಪುಟ. ಸ್ಪರ್ಧಿಗಳ ಕಂಪನಿಗೆ ಸೇರುವಂತಿಲ್ಲ ಎಂಬ ಷರತ್ತು ಬೇರೆ. ಸ್ಟಿಚಿಂಗ್ ಮಾಡುವ ಹೆಂಗಸು ಯಾವ ರಹಸ್ಯ ಹೊತ್ತುಕೊಂಡು ಹೋಗುತ್ತಾಳೆ ಹೇಳಿ. ನಾನು ಒಂದೂವರೆ ಪುಟದಲ್ಲಿ ಕನ್ನಡದಲ್ಲಿ ಬರೆದೆ. ಹೆಸರು, ಕೆಲಸ, ಯಾವ ದರ್ಜೆಯ ಕುಶಲತೆ, ಸೇರಿದ ದಿನ, ವೇತನದ ವಿವರ, ಕೆಲಸದ ಹೊತ್ತು, ರಜೆ, ಯುಎಎನ್ (ಪಿಎಫ್ ಖಾತೆಯ ನಂಬರ್), ಇಎಸ್‌ಐ ನಂಬರ್, ಬಿಡುವಾಗ ಎಷ್ಟು ದಿನ ಮೊದಲು ತಿಳಿಸಬೇಕು. ಕನ್ನಡ ಬಾರದ ಐದು ಹುಡುಗರಿಗೆ ಹಿಂದಿಯಲ್ಲಿ. ಓದಲು ಬಾರದವರಿಗೆ ಸೂಪರ್‌ವೈಸರ್ ಗಟ್ಟಿಯಾಗಿ ಓದಿ ಹೇಳಿದರು.

ತಲೆನೋವು ಬಂದದ್ದು ಒಂದೇ ಸಾಲಿನಲ್ಲಿ: ಸೇರಿದ ದಿನಾಂಕ.

ನಮ್ಮ ಪಿಎಫ್ ನೋಂದಣಿ 2019ರದ್ದು. ಅದಕ್ಕೂ ಮೊದಲು 20 ಜನ ಇರಲಿಲ್ಲ, ಹಾಗಾಗಿ ಪಿಎಫ್ ಬರುತ್ತಿರಲಿಲ್ಲ. ಕಂಪ್ಯೂಟರ್‌ನಲ್ಲಿ ಹಳಬರ ಸೇರ್ಪಡೆ ದಿನಾಂಕವೆಲ್ಲ 2019 ಎಂದೇ ಇತ್ತು. ಆದರೆ ಪಂಚಿಂಗ್ ಆಪರೇಟರ್ ಬಂದದ್ದು 2016ರ ಜೂನ್‌ನಲ್ಲಿ. ಪರಿಚಯದವರೊಬ್ಬರು, "ಪತ್ರದಲ್ಲಿ 2019 ಅಂತಲೇ ಹಾಕಿಬಿಡಿ, ಅವರೇ ಸಹಿ ಮಾಡ್ತಾರೆ, ಮುಗೀತು" ಎಂದು ಸಲಹೆ ಕೊಟ್ಟರು. ಮೂರು ವರ್ಷದ ಗ್ರಾಚ್ಯುಟಿ ಅಂದರೆ ಒಬ್ಬರಿಗೆ 34,615 ರೂಪಾಯಿ. ಅಂಥವರು ಮೂವರಿದ್ದಾರೆ. ಒಂದು ರಾತ್ರಿ ಆ ಸಲಹೆ ನನ್ನ ತಲೆಯಲ್ಲಿ ಓಡಾಡಿದ್ದು ಸುಳ್ಳಲ್ಲ.

ಅಟ್ಟದ ಮೇಲೆ ಅಪ್ಪನ ಹಳೆಯ ಸಂಬಳದ ಪುಸ್ತಕ ಇತ್ತು. ಕೆಂಪು ಬಟ್ಟೆಯ ರಟ್ಟು. ಜೂನ್ 2016ರ ಪುಟದಲ್ಲಿ ಆಪರೇಟರ್ ಹೆಸರು ಅಪ್ಪನ ಕೈಬರಹದಲ್ಲಿ, ಪಕ್ಕದಲ್ಲಿ ರೆವೆನ್ಯೂ ಸ್ಟಾಂಪ್ ಮೇಲೆ ಸಹಿ. ಆ ಪುಟ ನೋಡಿದ ಮೇಲೆ 2019 ಎಂದು ಬರೆಯಲು ಕೈ ಹೋಗಲಿಲ್ಲ. ಮೂವರಿಗೂ ನಿಜವಾದ ದಿನಾಂಕವನ್ನೇ ಹಾಕಿದೆ. ಆ ಪುಟಗಳ ಜೆರಾಕ್ಸ್ ತೆಗೆದು ಅವರವರ ಫೈಲ್‌ಗೆ ಸೇರಿಸಿದೆ. ಹಳೆಯ ಪುಸ್ತಕಗಳನ್ನು ತೂಕಕ್ಕೆ ಹಾಕಬೇಡಿ ಎಂದಷ್ಟೇ ಹೇಳಬಲ್ಲೆ.

ಬಿಟ್ಟು ಹೋಗುವವರ ಲೆಕ್ಕ ಚುಕ್ತಾ ಮಾಡುವುದು ಮುಂದಿನ ಪಾಠ. ಇದರಲ್ಲಿ ನಾನು ಸೋತೆ.

ವೇತನ ಸಂಹಿತೆಯಲ್ಲಿ ಒಂದು ಸಣ್ಣ ಸಾಲಿದೆ. ತೆಗೆದುಹಾಕಿದರೂ, ತಾನಾಗಿಯೇ ಬಿಟ್ಟರೂ, ಎರಡು ಕೆಲಸದ ದಿನಗಳೊಳಗೆ ವೇತನ ಕೊಡಬೇಕು. ಮೊದಲೆಲ್ಲ ಬಿಟ್ಟು ಹೋದವರ ಲೆಕ್ಕ ಮುಂದಿನ ತಿಂಗಳ 7ಕ್ಕೆ, ಒಮ್ಮೊಮ್ಮೆ ಅದರ ಮುಂದಿನ ತಿಂಗಳಿಗೆ. ಬರಲಿ, ಆಮೇಲೆ ನೋಡೋಣ ಎನ್ನುವ ಧೋರಣೆ. ಕೆಲವರು ಬರುತ್ತಲೇ ಇರಲಿಲ್ಲ ಅನ್ನುವುದೂ ನಿಜ.

ಜನವರಿ 31, ಶನಿವಾರ. ಸ್ಟಿಚಿಂಗ್ ಹೆಲ್ಪರ್ ಒಬ್ಬ ಸಂಜೆ ಬಂದು, "ಮೇಡಂ, ಊರಿಗೆ ಹೋಗ್ತಿದ್ದೀನಿ, ವಾಪಸ್ ಬರಲ್ಲ" ಎಂದ. ಮಂಗಳವಾರದೊಳಗೆ ಕೊಡಬೇಕು. ಹಾಜರಿ ಪುಸ್ತಕ ನನ್ನ ಹತ್ತಿರ ಇತ್ತು. ಓಟಿ ಗಂಟೆಗಳು? ಅವು ಸೂಪರ್‌ವೈಸರ್ ಡೈರಿಯಲ್ಲಿ. ಸೂಪರ್‌ವೈಸರ್ ತಂಗಿಯ ಮದುವೆಗೆ ರಜೆ ಹಾಕಿದ್ದರು. ಡೈರಿ ಅವರ ಬೈಕ್‌ನ ಬಾಕ್ಸ್‌ನಲ್ಲಿ. ಮದುವೆ ಮನೆಗೆ ಫೋನ್ ಮಾಡಿ ಓಟಿ ಗಂಟೆ ಕೇಳುವ ಧೈರ್ಯ ಬರಲಿಲ್ಲ. ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಬುಧವಾರ ಮಧ್ಯಾಹ್ನ ಹಣ ಹಾಕಿದೆ. ಒಂದು ದಿನ ತಡ.

ಈಗ ಓಟಿ ಬರೆಯುವುದು ಗೋಡೆಯ ಮೇಲಿನ ಹಾಳೆಯಲ್ಲಿ. ದಿನಾ ಸಂಜೆ, ಎಲ್ಲರಿಗೂ ಕಾಣುವ ಹಾಗೆ. ನಾನು ಮನೆಗೆ ಹೊರಡುವ ಮೊದಲು ಅದರ ಫೋಟೊ ತೆಗೆದುಕೊಳ್ಳುತ್ತೇನೆ. ಮೂರು ಸಾವಿರದ ಸಾಫ್ಟ್‌ವೇರ್ ಮಾರಲು ಬಂದವರಿಗೆ ಆ ಹಾಳೆ ತೋರಿಸಿ ಕಳಿಸಿದೆ.

ಅದೇ ಹುಡುಗನ ಇನ್ನೊಂದು ಲೆಕ್ಕ ಅಡ್ವಾನ್ಸ್‌ನದ್ದು. 12,000 ಬಾಕಿ ಇತ್ತು. ಮೊದಲಾಗಿದ್ದರೆ ಕೊನೆಯ ಸಂಬಳದಲ್ಲಿ ಪೂರ್ತಿ ಮುರಿದುಕೊಂಡು, ಉಳಿದ ಚಿಲ್ಲರೆ ಕೈಗಿಡುತ್ತಿದ್ದೆವು. ಸಂಹಿತೆಯ ಪ್ರಕಾರ ಎಲ್ಲ ಕಡಿತಗಳೂ ಸೇರಿ ಆ ಅವಧಿಯ ವೇತನದ ಅರ್ಧ ದಾಟುವಂತಿಲ್ಲ. ಓಟಿ ಬಿಟ್ಟು ಅವನ ವೇತನ 15,600. ಅರ್ಧ 7,800. ಅದರಲ್ಲಿ ಪಿಎಫ್ 1,800, ಇಎಸ್‌ಐ 117. ಉಳಿದದ್ದು 5,883. ಅಷ್ಟನ್ನು ಮಾತ್ರ ಅಡ್ವಾನ್ಸ್‌ಗೆ ಹಿಡಿಯಬಹುದು. ಇನ್ನೂ 6,117 ಬಾಕಿ, ಮತ್ತು ಹುಡುಗ ರೈಲು ಹತ್ತಿಯಾಗಿದೆ. ಮಾರ್ಚ್‌ನಲ್ಲಿ ಫೋನ್‌ಪೇಗೆ 3,000 ಕಳಿಸಿದ. ಉಳಿದದ್ದು ಬರುತ್ತದೋ ಇಲ್ಲವೋ. ಅಡ್ವಾನ್ಸ್ ಕೊಡುವುದನ್ನು ನಿಲ್ಲಿಸಿಲ್ಲ, ನಮ್ಮ ಕಡೆ ಅದನ್ನು ನಿಲ್ಲಿಸಿದರೆ ಕೆಲಸಗಾರರೇ ಸಿಗುವುದಿಲ್ಲ. ಆದರೆ ತಿಂಗಳ ವೇತನದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಈಗ ಕೊಡುತ್ತಿಲ್ಲ. ಮೊದಲು ಮದುವೆ, ಮುಂಜಿ, ಆಸ್ಪತ್ರೆ ಎಂದರೆ ಕೇಳಿದಷ್ಟು ಕೊಡುತ್ತಿದ್ದೆ. ಇದು ನನಗೂ ಅಷ್ಟು ಇಷ್ಟವಾದ ಬದಲಾವಣೆಯಲ್ಲ.

ತಡವಾಗಿ ಬಂದರೆ 100 ರೂಪಾಯಿ ಹಿಡಿಯುವ ಪದ್ಧತಿಯನ್ನೂ ಕೈಬಿಟ್ಟೆ. ಬಾರದ ಹೊತ್ತಿಗೆ ತಕ್ಕಷ್ಟು ವೇತನ ಹಿಡಿಯಬಹುದು, ಅದು ಬೇರೆ. ದಂಡ ಹಾಕಲು ಮೊದಲು ಯಾವ ತಪ್ಪಿಗೆ ದಂಡ ಎಂದು ಒಪ್ಪಿಗೆ ಪಡೆದು ಪ್ರಕಟಿಸಿರಬೇಕು, ಅವರ ಮಾತು ಕೇಳಬೇಕು, ಅದೂ ವೇತನದ 3% ಮೀರಬಾರದು. ನೂರು ರೂಪಾಯಿಗೆ ಅಷ್ಟೆಲ್ಲ ಯಾರು ಮಾಡುತ್ತಾರೆ?

ಓಟಿಯ ಬಗ್ಗೆ ಒಂದು ತಪ್ಪೊಪ್ಪಿಗೆ ಇದೆ. ನಾವು ಒಂದೂವರೆ ಪಟ್ಟು ಕೊಡುತ್ತಿದ್ದೆವು. ಹೊಸ ಕಾನೂನಿನಲ್ಲಿ ಎರಡು ಪಟ್ಟು ಎಂದು ಕನ್ಸಲ್ಟೆಂಟ್ ಹೇಳಿದಾಗ, "ಎಲ್ಲಾ ಖರ್ಚೂ ನಮ್ಮ ಮೇಲೇ" ಎಂದು ಗೊಣಗಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಹೊಸದಲ್ಲ ಮೇಡಂ, 1948ರ ಫ್ಯಾಕ್ಟರಿ ಕಾಯ್ದೆಯಿಂದಲೂ ಎರಡೇ ಪಟ್ಟು" ಎಂದರು. ಮಾತಾಡಲು ಏನೂ ಉಳಿಯಲಿಲ್ಲ. ಈ ನಾಲ್ಕು ತಿಂಗಳಲ್ಲಿ ನಾನು ಹೊಸದು ಎಂದುಕೊಂಡದ್ದರಲ್ಲಿ ಎಷ್ಟೋ ಹೀಗೇ, ನಾವು ಪಾಲಿಸದೆ ಬಿಟ್ಟಿದ್ದ ಹಳೆಯದು. ವೇತನ ಕಡಿಮೆ ಕೊಟ್ಟಿದ್ದರೆ ಕೆಲಸಗಾರ ಮೂರು ವರ್ಷದೊಳಗೆ ಕ್ಲೇಮ್ ಹಾಕಬಹುದು. ದಂಡ 50,000 ರೂಪಾಯಿವರೆಗೆ. ನಾನು ಡಿಸೆಂಬರ್‌ನಿಂದ ಎರಡು ಪಟ್ಟು ಶುರು ಮಾಡಿದೆ. ಹಿಂದಿನ ಬಾಕಿಯನ್ನು ಕಂತಿನಲ್ಲಿ ಕೊಡುತ್ತಿದ್ದೇನೆ. ಸೂಪರ್‌ವೈಸರ್‌ನ ಹಳೆಯ ಡೈರಿಗಳು ಇಲ್ಲಿ ಕೆಲಸಕ್ಕೆ ಬಂದವು.

ಎರಡು ಪಟ್ಟು ಶುರುವಾದ ಮೇಲೆ ಓಟಿಯೇ ಕಡಿಮೆಯಾಗಿದೆ. ಮೊದಲು ಆರ್ಡರ್ ಬಂದ ತಕ್ಷಣ ರಾತ್ರಿ ಒಂಬತ್ತರವರೆಗೆ ನಿಲ್ಲಿ ಎನ್ನುತ್ತಿದ್ದೆ. ಈಗ ಗ್ರಾಹಕರಿಗೇ ಫೋನ್ ಮಾಡಿ, "ನಾಳೆ ಮಧ್ಯಾಹ್ನ ಕೊಟ್ರೆ ನಡೆಯುತ್ತಾ?" ಎಂದು ಕೇಳುತ್ತೇನೆ. ಹತ್ತರಲ್ಲಿ ಏಳು ಜನ ನಡೆಯುತ್ತೆ ಎನ್ನುತ್ತಾರೆ. ಇದನ್ನು ಮೊದಲೇ ಕೇಳಬಹುದಿತ್ತು, ಅಲ್ವಾ.

ಹಬ್ಬದ ಸೀಸನ್‌ಗೆ ನಾವು ಹನ್ನೊಂದು ತಿಂಗಳ ಮಟ್ಟಿಗೆ ಜನರನ್ನು ತೆಗೆದುಕೊಂಡು, ಒಂದು ತಿಂಗಳು ಬಿಡಿಸಿ, ಮತ್ತೆ ಸೇರಿಸಿಕೊಳ್ಳುವುದಿತ್ತು. ಈಗ ನಿಗದಿತ ಅವಧಿಯ ನೇಮಕಾತಿಗೆ ಕಾನೂನಿನಲ್ಲೇ ದಾರಿ ಇದೆ. ನೇರವಾಗಿ ಕರಾರು ಮಾಡಿಕೊಳ್ಳಬಹುದು, ಅವಧಿ ಮುಗಿದರೆ ಕೆಲಸ ಮುಗಿಯಿತು. ಆದರೆ ಅದೇ ಕೆಲಸ ಮಾಡುವ ಕಾಯಂ ನೌಕರನಿಗೆ ಸಿಗುವ ವೇತನ, ಹೊತ್ತು, ಸೌಲಭ್ಯ ಇವರಿಗೂ ಸಿಗಬೇಕು. ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ಕಾಯಂ ಇದ್ದವರಿಗೆ ಐದು ವರ್ಷದ ನಿಯಮ ಹಾಗೇ ಇದೆ, ಸಾವು ಅಥವಾ ಅಂಗವೈಕಲ್ಯದ ಸಂದರ್ಭ ಬಿಟ್ಟು. ಇದನ್ನು ನಮ್ಮ ಹುಡುಗರಿಗೆ ಬಿಡಿಸಿ ಹೇಳಬೇಕಾಯಿತು. ಒಂದೇ ವರ್ಷಕ್ಕೆ ಎಲ್ಲರಿಗೂ ಗ್ರಾಚ್ಯುಟಿ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತಂತೆ.

ಇಬ್ಬರನ್ನು 12 ತಿಂಗಳ ಕರಾರಿನ ಮೇಲೆ ತೆಗೆದುಕೊಂಡೆ. ಹನ್ನೊಂದಕ್ಕೆ ನಿಲ್ಲಿಸಿ ಎಂದವರಿದ್ದರು. 15,600 ವೇತನಕ್ಕೆ ಒಂದು ವರ್ಷದ ಗ್ರಾಚ್ಯುಟಿ 9,000. ತಿಂಗಳಿಗೆ 750. ಕೆಲಸ ಕಲಿತ ಹುಡುಗ ಹನ್ನೊಂದನೇ ತಿಂಗಳಿಗೆ ಹೊರಟು ಹೋದರೆ, ಹೊಸಬ ಕಲಿಯುವಷ್ಟರಲ್ಲಿ ಹಾಳಾಗುವ ರಟ್ಟಿನ ಬೆಲೆಯೇ ಅದಕ್ಕಿಂತ ಜಾಸ್ತಿ. ಆ 750ನ್ನು ಪ್ರತಿ ತಿಂಗಳೂ ಬೇರೆ ಖಾತೆಗೆ ಹಾಕುತ್ತಿದ್ದೇನೆ.

ಸಮಿತಿಗಳು. 20 ಅಥವಾ ಹೆಚ್ಚು ಕೆಲಸಗಾರರಿದ್ದರೆ ಕುಂದುಕೊರತೆ ಸಮಿತಿ ಬೇಕು. ಮಾಲೀಕರ ಕಡೆಯವರು, ಕೆಲಸಗಾರರ ಕಡೆಯವರು ಸಮ ಸಂಖ್ಯೆಯಲ್ಲಿ, ಹತ್ತು ಜನ ಮೀರದಂತೆ, ಅಧ್ಯಕ್ಷತೆ ವರ್ಷಕ್ಕೊಮ್ಮೆ ಅದಲುಬದಲು. ಹೆಂಗಸರ ಪಾಲು ಅವರ ಸಂಖ್ಯೆಗೆ ತಕ್ಕಷ್ಟು ಇರಬೇಕು. ನಮ್ಮಲ್ಲಿ ಏಳು ಜನ ಹೆಂಗಸರು, ಹಾಗಾಗಿ ಆರು ಜನರ ಸಮಿತಿಯಲ್ಲಿ ಇಬ್ಬರು. ಮೊದಲ ಸಭೆಗೆ ಏನು ದೂರು ಬರುತ್ತದೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಬಂದದ್ದು ಒಂದೇ: ಹೆಂಗಸರ ಶೌಚಾಲಯದ ಚಿಲಕ ಮುರಿದು ಎರಡು ತಿಂಗಳಾಗಿದೆ. ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ, ಯಾರೂ ಹೇಳಿರಲಿಲ್ಲ.

ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ ಈ ಸಂಹಿತೆಗಳದ್ದಲ್ಲ, 2013ರ ಕಾಯ್ದೆಯದ್ದು, 10 ಜನರಿದ್ದರೆ ಸಾಕು. ಹೊರಗಿನ ಸದಸ್ಯರೊಬ್ಬರು ಬೇಕು. ಅದನ್ನೂ ಇದೇ ಗದ್ದಲದಲ್ಲಿ ಮಾಡಿ ಮುಗಿಸಿದೆ.

ಕರ್ನಾಟಕದ ಮುಟ್ಟಿನ ರಜೆಯದ್ದು ಸೂಕ್ಷ್ಮ ವಿಷಯ. 2025ರ ನವೆಂಬರ್‌ನಲ್ಲಿ ಸರ್ಕಾರದ ಆದೇಶ ಬಂತು. 18ರಿಂದ 52 ವರ್ಷದ ಮಹಿಳಾ ನೌಕರರಿಗೆ ತಿಂಗಳಿಗೆ ಒಂದು ದಿನ ಸಂಬಳ ಸಹಿತ ರಜೆ, ವೈದ್ಯರ ಚೀಟಿ ಬೇಡ, ಉಳಿದರೆ ಮುಂದಿನ ತಿಂಗಳಿಗೆ ಹೋಗುವುದಿಲ್ಲ. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರೂ ಇದ್ದಾರೆ. ನಾನು ಕೋರ್ಟಿನ ತೀರ್ಪಿಗೆ ಕಾಯುತ್ತ ಕೂರದೆ ರಜೆಯನ್ನು ಜಾರಿ ಮಾಡಿದೆ. ಮೊದಲ ತಿಂಗಳು ಒಬ್ಬರೂ ಕೇಳಲಿಲ್ಲ. ಕಾರಣ ಸ್ಟಿಚಿಂಗ್ ಅಕ್ಕ ಹೇಳಿದಳು: "ಸೂಪರ್‌ವೈಸರ್ ಹತ್ರ ಹೋಗಿ ಏನಂತ ಹೇಳೋದು ಮೇಡಂ?" ಈಗ ಬೆಳಗ್ಗೆ ನನ್ನ ನಂಬರ್‌ಗೆ ಬರೀ "ರಜೆ" ಎಂದು ಮೆಸೇಜ್ ಹಾಕಿದರೆ ಸಾಕು. ಹಾಜರಿ ಪುಸ್ತಕದಲ್ಲಿ ಬೇರೆ ರಜೆಗಳ ಹಾಗೇ "ರ" ಎಂದೇ ಬೀಳುತ್ತದೆ. ಯಾವ ರಜೆ ಎನ್ನುವುದು ನನ್ನ ಹತ್ತಿರದ ಪಟ್ಟಿಯಲ್ಲಿ ಮಾತ್ರ. ಕಳೆದ ತಿಂಗಳು ಐವರು ತೆಗೆದುಕೊಂಡರು.

ಗಳಿಕೆ ರಜೆಗೆ ಮೊದಲು ವರ್ಷದಲ್ಲಿ 240 ದಿನ ಕೆಲಸ ಮಾಡಿರಬೇಕಿತ್ತು, ಈಗ 180 ಸಾಕು. 20 ದಿನಕ್ಕೆ ಒಂದು ದಿನ ರಜೆ. ನಮ್ಮಲ್ಲಿ ಸುಗ್ಗಿಗೆ ಊರಿಗೆ ಹೋಗಿ ಬರುವ ನಾಲ್ವರು ಮೊದಲ ಬಾರಿಗೆ ಇದರೊಳಗೆ ಬಂದರು.

ನಿಯಮಗಳ ವಿಷಯಕ್ಕೆ ತುಂಬ ಜನ "ರೂಲ್ಸ್ ಬರಲಿ, ಆಮೇಲೆ ನೋಡೋಣ" ಎಂದು ಕೂತಿದ್ದರು. ಸಂಹಿತೆ ಜಾರಿಯಾಗಿದೆ. ಹೊಸ ನಿಯಮ ಬರುವ ತನಕ ಹಳೆಯ ನಿಯಮಗಳು, ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ, ನಡೆಯುತ್ತವೆ. ಹಾಗಾಗಿ ನಾನು ಹಳೆಯ ರಿಜಿಸ್ಟರ್‌ಗಳನ್ನು ನಿಲ್ಲಿಸಲಿಲ್ಲ. ಫಾರಂ ಬದಲಾದರೆ ಕಾಲಂ ಬದಲಿಸಿಕೊಂಡರಾಯಿತು.

ಇನ್ನು ಉಳಿದದ್ದು ಲೋಡಿಂಗ್‌ಗೆ ಬರುವ ಐದು ಜನ. ಅವರು ಮೇಸ್ತ್ರಿ ಕಡೆಯವರು, ನಮ್ಮ 26ರಲ್ಲಿ ಇಲ್ಲ. ಗುತ್ತಿಗೆ ಕಾರ್ಮಿಕರ ಲೈಸೆನ್ಸ್ ಪ್ರಶ್ನೆ ಬರುವುದು 50 ಜನಕ್ಕೆ, ಅದು ನಮಗಿಲ್ಲ. ಆದರೆ ಮೇಸ್ತ್ರಿ ಅವರಿಗೆ ಸಂಬಳ ಕೊಡದಿದ್ದರೆ ಕೊನೆಗೆ ಬಾಧ್ಯತೆ ನಮ್ಮ ಬಾಗಿಲಿಗೇ ಬರುತ್ತದೆ. ಮೇಸ್ತ್ರಿಗೆ ನಾನು ಲೋಡ್ ಲೆಕ್ಕದಲ್ಲಿ ಹಣ ಕೊಡುತ್ತೇನೆ. ಅವರು ಹುಡುಗರಿಗೆ ಎಷ್ಟು ಕೊಡುತ್ತಾರೆ ಎಂದು ಈವರೆಗೆ ಕೇಳಿರಲಿಲ್ಲ.

ಮೊನ್ನೆ ಕೇಳಿದೆ. ಮೇಸ್ತ್ರಿ ಬೀಡಿ ಆರಿಸಿ, ಸ್ವಲ್ಪ ಹೊತ್ತು ಲಾರಿ ಕಡೆ ನೋಡಿದರು. "ಪುಸ್ತಕ ಐತೆ ಮೇಡಂ. ಸೋಮವಾರ ತರ್ತೀನಿ" ಎಂದರು. ಸೋಮವಾರದ ಕಾಲಂನಲ್ಲಿ ಬರೆದುಕೊಂಡಿದ್ದೇನೆ.